ಬಲಗಡೆಯ ಕೋರೆಹಲ್ಲು

ಹೊಳೆನರಸೀಪುರದ ಕೊನೆಯ ಬೀದಿಯ ಕೊನೆಯ ಮನೆ ನನ್ನದು. ಅಲ್ಲಿಂದಾಚೆ ಹೊಳೆ. ಊರವರು ನನ್ನನ್ನು ಬುರುಡೆ ಅಯ್ನೋರು ಅನ್ನುತ್ತಿದ್ದರು. ಷಡಕ್ಷರಿ ಎಂಬ ಹೆಸರು ನೆನಪಿದ್ದದ್ದು ಪೋಸ್ಟ್‌ಮ್ಯಾನಿಗೆ ಮತ್ತು ನನ್ನ ಹೆಂಡತಿ ಗಂಗಾಂಬಿಕೆಗೆ. ಅವಳು ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ಕೊರಳಲ್ಲಿ ಲಿಂಗ, ಮನೆಯಲ್ಲಿ ಮೊಟ್ಟೆಯ ವಾಸನೆಯೂ ಸೇರದ ಕುಲ, ಕೈಯಲ್ಲಿ ಮಾತ್ರ ಹುಲಿ, ಚಿರತೆ, ಕಾಡುಹಂದಿಗಳ ತಲೆ. ಮಂಜರಾಬಾದಿನ ಕಡೆ ಒಬ್ಬ ಕಾಫಿ ದೊರೆಯ ಬಂಗಲೆಯಲ್ಲಿ ಲೆಕ್ಕ ಬರೆಯಲು ಹೋದವನು ಈ ವಿದ್ಯೆ ಕಲಿತು ಬಂದೆ. ಲೆಕ್ಕ ಮರೆತುಹೋಯಿತು, ಇದು ಅಂಟಿಕೊಂಡಿತು.

ಕೆಲಸ ಕಷ್ಟದ್ದೇನಲ್ಲ, ತಾಳ್ಮೆಯದು. ಚರ್ಮ ಸುಲಿದ ತಲೆಯನ್ನು ಮಡಕೆಯ ನೀರಿನಲ್ಲಿ ಕೊಳೆಹಾಕಬೇಕು, ದಿನಾ ನೀರು ಬದಲಾಯಿಸಬೇಕು, ಹಿಂದಿನ ತೂತಿನಿಂದ ಬಿದಿರುಕಡ್ಡಿ ಹಾಕಿ ಮಿದುಳು ತೆಗೆಯಬೇಕು. ಆಮೇಲೆ ಸೋಡಾ ಹಾಕಿದ ನೀರಿನಲ್ಲಿ ಸಣ್ಣ ಉರಿ. ಕುದಿಸಿದವನು ಕೆಟ್ಟ, ಹಲ್ಲು ಸೀಳಿಬಿಡುತ್ತದೆ. ಕೊನೆಗೆ ಹಾಸನದ ಔಷಧದಂಗಡಿಯಿಂದ ತರಿಸಿದ, ಗಾಯ ತೊಳೆಯುವ ನೊರೆನೀರನ್ನು ಸೀಮೆಸುಣ್ಣದ ಪುಡಿಯಲ್ಲಿ ಕಲಸಿ ಮೆತ್ತಿ ಬಿಸಿಲಿಗಿಟ್ಟರೆ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ. ಮುರಿದ ಹಲ್ಲಿದ್ದರೆ ಜೇನುಮೇಣ, ಸುಣ್ಣದ ಪುಡಿ, ಬಡಗಿಯ ಅಂಟು ಸೇರಿಸಿ ಕಟ್ಟಿಕೊಡುತ್ತಿದ್ದೆ. ಶಿಕಾರಿ ಹೊಡೆದವನಿಗೆ ಗೋಡೆಯ ಮೇಲೆ ಪೂರ್ತಿ ಬಾಯಿಯೇ ಬೇಕು. ನಾನು ಕಟ್ಟಿದ ಹಲ್ಲನ್ನು ದೊರೆಗಳೇ ಗುರುತು ಹಿಡಿಯಲಿಲ್ಲ ಎಂದು ನನಗೆ ಜಂಬವಿತ್ತು. ಆ ಜಂಬದಿಂದಲೇ ಎಲ್ಲ ಶುರುವಾದದ್ದು.

ಮೂವತ್ತೇಳನೇ ಇಸವಿಯ ಕಾರ್ತಿಕದಲ್ಲಿ ಅರಕಲಗೂಡಿನ ಅಮಲ್ದಾರರು ನನ್ನನ್ನು ಕಲ್ಲುಕೊಪ್ಪಲಿಗೆ ಕರೆಸಿದರು. ಅಲ್ಲಿ ರಾಮಣ್ಣ, ಮಲ್ಲಿಗಮ್ಮ ಎಂಬ ಒಕ್ಕಲು ದಂಪತಿಯ ಏಳು ವರ್ಷದ ಮಗಳು ದೇವೀರಿಯನ್ನು ಚಿರತೆ ಹಿಡಿದಿತ್ತು. ಚಿರತೆಯೋ, ಕತ್ತೆಕಿರುಬವೋ, ಹಲ್ಲಿನ ಗುರುತು ನೋಡಿ ಹೇಳಬೇಕಿತ್ತು. ಮಗುವನ್ನು ಜಗಲಿಯ ಮೇಲೆ ಬೋರಲು ಮಲಗಿಸಿದ್ದರು. ಕುತ್ತಿಗೆಯ ಹಿಂಭಾಗದಲ್ಲಿ ನಾಲ್ಕು ತೂತು ಇರಬೇಕಾದ ಕಡೆ ಮೂರಿದ್ದವು. ನಾಲ್ಕನೆಯದರ ಜಾಗದಲ್ಲಿ, ಬಲಗಡೆ, ಬರೀ ಕಪ್ಪಗೆ ಕಂದಿದ ಗುರುತು.

"ಚಿರತೆಯೇ. ಹಿಂದಿನಿಂದ ಹಿಡಿದಿದೆ. ಅದರ ಮೇಲಿನ ಬಲಗಡೆ ಕೋರೆಹಲ್ಲು ಮುರಿದಿದೆ," ಎಂದೆ.

ಜನ ಬೆರಗಾಗಿ ನೋಡಿದರು. ಸತ್ತ ಮಗುವಿನ ಮುಂದೆ ನಿಂತು ನಾನು ಆ ಬೆರಗನ್ನು ಸವಿದೆ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಸವಿದೆ. ಮಲ್ಲಿಗಮ್ಮ ಮಾತ್ರ ನನ್ನ ಕಡೆ ನೋಡಲಿಲ್ಲ. ಬಿಸಿನೀರಿನ ಬಟ್ಟೆಯಿಂದ ಆ ಕುತ್ತಿಗೆಯನ್ನು ಒರೆಸುತ್ತಲೇ ಇದ್ದಳು.

ಅಂದಿನಿಂದ ಕಲ್ಲುಕೊಪ್ಪಲಿನ ಜನ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕತೊಡಗಿದರು. ರಾಗಿ ಕೊಯ್ದು ಮೆದೆ ಹಾಕಿದರು, ಆದರೆ ಕಣದಲ್ಲಿ ಕಾವಲು ಮಲಗುವವರಿಲ್ಲ. ಹಂದಿ ಬಂದು ಮೆದೆ ಕೆದರಿದವು, ಕಳ್ಳರು ಹೊರೆ ಹೊತ್ತರು. ಪುಷ್ಯ ಬರುವ ಹೊತ್ತಿಗೆ ಊರ ಪಟೇಲ ಚನ್ನಪ್ಪ ಒಂದು ಚಿರತೆ ಹೊಡೆದ. ಹೂವಿನ ಹಾರ ಹಾಕಿ, ತಮಟೆ ಬಡಿಸಿ, ಮೂರು ಊರು ಮೆರವಣಿಗೆ ಮಾಡಿಸಿದ. ಬಾಯಿಗೆ ಹಗ್ಗ ಬಿಗಿದಿದ್ದರಿಂದ ಹಲ್ಲು ಯಾರಿಗೂ ಕಾಣಲಿಲ್ಲ. ಜಿಲ್ಲೆಯ ಸಾಹೇಬರು ಬಂದು ಶಾಲು ಹೊದಿಸುವವರಿದ್ದರು. ಅಷ್ಟರಲ್ಲಿ ಬುರುಡೆ ಪಡಸಾಲೆಯ ಗೋಡೆ ಏರಬೇಕೆಂದು ತಲೆಯನ್ನು ಉಪ್ಪು ತುಂಬಿದ ಮಡಕೆಯಲ್ಲಿ ನನಗೆ ಕಳಿಸಿದ.

ಬಂದ ದಿನವೇ ಹಗ್ಗ ಬಿಚ್ಚಿ ನೋಡಿದೆ. ನಾಲ್ಕು ಕೋರೆಯೂ ನೆಟ್ಟಗಿದ್ದವು. ಎರಡು ವರ್ಷದ ಮರಿ ಅದು, ಹಲ್ಲಿನಲ್ಲಿ ಒಂದು ಗೀರಿಲ್ಲ. ಹಲ್ಲು ಮುರಿದಿಲ್ಲವೆಂದು ಪಟೇಲನಿಗೆ ಹೇಳಿಕಳಿಸಿದೆ. ಮಾರನೆಯ ದಿನ ಪಟೇಲನೇ ಬಂದ.

"ಅಯ್ನೋರೆ, ಹಲ್ಲು ಮುರಿದೈತೆ ಅಂತ ಊರಿಗೆಲ್ಲ ಸಾರಿದೋರು ನೀವೆ. ಈಗ ಜನ ಹಲ್ಲು ತೋರ್ಸಿ ಅಂತ ಕುಂತವ್ರೆ," ಎಂದ.

"ಇದು ಆ ಚಿರತೆ ಅಲ್ಲ, ಪಟೇಲ್ರೆ."

"ಇರ್ಬೋದು. ಒಂದು ತಿಂಗ್ಳಾಯ್ತು, ಅದರ ಸದ್ದಿಲ್ಲ. ಯಾವ ಕಾಡಿಗೆ ಓಯ್ತೋ. ಕಣದಾಗೆ ರಾಗಿ ಕೊಳೀತಾ ಐತೆ. ಜನಕ್ಕೆ ಧೈರ್ಯ ಬೇಕು ಅಯ್ನೋರೆ. ಒಂದು ಹಲ್ಲು ತಾನೆ? ನೂರು ಹಲ್ಲು ಕಟ್ಟಿದೀರಿ, ಒಂದು ಮುರೀರಿ."

ಅವನು ನನ್ನನ್ನು ಬೆದರಿಸಲಿಲ್ಲ. ಬೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಹಲ್ಲು ಮುರಿದಿಲ್ಲ ಎಂದು ತೋರಿಸಿದರೆ ನನ್ನ ಮಾತನ್ನೇ ಜನ ಸುಳ್ಳೆಂದಾರು ಎಂಬುದು ನನಗೆ ಹೆಚ್ಚು ಚುಚ್ಚಿತು. ಒಳಗಿನಿಂದ ಗಂಗಾಂಬಿಕೆ ಎಲ್ಲ ಕೇಳಿಸಿಕೊಂಡಿದ್ದಳು. ಪಟೇಲ ಹೋದ ಮೇಲೆ, "ಸತ್ತದ್ದರ ಮೂಳೆ ಮುಟ್ತೀರಿ, ಸ್ನಾನ ಮಾಡಿದ್ರೆ ಹೋಗುತ್ತೆ ಅಂತ ನಾನೂ ಸುಮ್ಮನಿದ್ದೆ. ಇದು ಯಾವ ಸ್ನಾನಕ್ಕೆ ಹೋಗುತ್ತೆ ನೋಡಿಕೊಳ್ಳಿ," ಎಂದು ಬಾಗಿಲು ಎಳೆದುಕೊಂಡಳು.

ತಲೆ ಹದವಾಗಿ ಬೇಯಿಸಿ, ತೊಳೆದು, ಕಲ್ಲಿನ ಮೇಲೆ ನನಗೆ ಎದುರಾಗಿ ಇಟ್ಟುಕೊಂಡು ಚಿಕ್ಕ ಸುತ್ತಿಗೆಯಲ್ಲಿ ಒಂದೇ ಏಟು ಹಾಕಿದೆ. ಹಲ್ಲಿನ ತುದಿ ಹಾರಿ ಅಂಗಳಕ್ಕೆ ಬಿತ್ತು. ಹೊಸ ಮುರಿತ ಬೆಳ್ಳಗೆ, ಚೂಪಾಗಿ ಇರುತ್ತದೆ. ಹಳೆಯದರ ಅಂಚು ಸವೆದು ಕಂದಾಗಿರುತ್ತದೆ. ಮರಳುಕಲ್ಲಿನಲ್ಲಿ ಉಜ್ಜಿ, ಗಟ್ಟಿ ಕಾಫಿ ಕಷಾಯ ಕುಡಿಸಿ ಹಳೆಯದು ಮಾಡಿದೆ. ಕೆಲಸ ಚೆನ್ನಾಗಿ ಬಂತು. ಅಂಥ ಹೊತ್ತಿನಲ್ಲೂ ಚೆನ್ನಾಗಿ ಬಂತು ಅಂದುಕೊಂಡೆ.

ಎರಡು ದಿನಕ್ಕೆ ಪಟೇಲ ಊರಿನ ಇಬ್ಬರನ್ನು ಕರೆತಂದ. ಒಬ್ಬ ಮುದುಕ ಬೋರಪ್ಪ, ಇನ್ನೊಬ್ಬ ರಾಮಣ್ಣ, ದೇವೀರಿಯ ಅಪ್ಪ. ರಾಮಣ್ಣ ಬುರುಡೆಯನ್ನು ದೂರದಿಂದಲೇ ನೋಡಿದ. ಮೊಂಡು ಹಲ್ಲು ಕಾಣುತ್ತಲೇ ಅವನ ಮುಖ ಸಡಿಲಾಯಿತು. ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಾಲಿಗೆ ಬಿದ್ದ.

"ನೀವು ಏಳ್ದಂಗೇ ಐತೆ ಅಯ್ನೋರೆ. ಇನ್ನು ಕಣದಾಗೆ ಕಣ್ಣು ಮುಚ್ಬೋದು," ಎಂದ.

ನಾನು ಅವನ ತಲೆಯ ಮೇಲೆ ಕೈಯಿಟ್ಟೆ. ಒಳ್ಳೆಯದಾಗಲಿ ಎಂದೂ ಅಂದೆ.

ಅವತ್ತಿನಿಂದ ಊರವರು ಕಣಗಳಲ್ಲಿ ಮಲಗತೊಡಗಿದರು. ಎಂಟನೆಯ ದಿನ ಬೆಳಿಗ್ಗೆ ರಾಮಣ್ಣನ ಕಂಬಳಿ ಮಾತ್ರ ಮೆದೆಯ ಪಕ್ಕದಲ್ಲಿತ್ತು. ಅವನು ಹಳ್ಳದ ಹತ್ತಿರ ಸಿಕ್ಕಿದ. ಇದು ಬೇರೆ ಚಿರತೆ, ಹಳೆಯದು ಸತ್ತಿದೆ, ಒಂಟಿಯಾಗಿ ಮಲಗಿದ್ದೇ ತಪ್ಪು, ಇಬ್ಬಿಬ್ಬರು ಮಲಗಿ ಎಂದು ಪಟೇಲ ಹೇಳಿದನಂತೆ. ಜನ ನಂಬಿದರು. ಮುರಿದ ಹಲ್ಲನ್ನು ಕಣ್ಣಾರೆ ನೋಡಿ ಬಂದ ಬೋರಪ್ಪನೇ ಇದ್ದನಲ್ಲ.

ಸುದ್ದಿ ನನಗೆ ಸಂತೆಯಲ್ಲಿ ತಿಳಿಯಿತು. ಮನೆಗೆ ಬಂದು ಕೂತೆ. ಹೋಗಿ ಹೇಳಬೇಕು ಅನ್ನಿಸಿತು, ನಾಳೆ ಹೋದರಾಯಿತು ಅಂತಲೂ ಅನ್ನಿಸಿತು. ಹಾಗೆ ಎರಡು ನಾಳೆ ಕಳೆದವು. ಮೂರನೆಯ ದಿನ ಬೆಳಿಗ್ಗೆಯ ಮೋಟಾರು ಬಸ್ಸಿಗೆ ಮಲ್ಲಿಗಮ್ಮ ಬಂದಳು. ಬಳೆ ಇಲ್ಲದ ಕೈ. ಜಗಲಿ ಹತ್ತದೆ ಅಂಗಳದಲ್ಲೇ ನಿಂತಳು.

"ಅದನ್ನ ಒಂದ್ಸಲ ಕೊಡ್ತೀರಾ ಅಯ್ನೋರೆ? ನೋಡ್ಬುಟ್ಟು ಕೊಟ್ಬುಡ್ತೀನಿ."

ಬಿಸಿಲಿನಲ್ಲಿ ಒಣಗುತ್ತಿದ್ದ ಬುರುಡೆಯನ್ನು ತಂದುಕೊಟ್ಟೆ. ಅವಳು ಹಲ್ಲನ್ನು ನೋಡಲಿಲ್ಲ. ನನಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತು, ಸೆರಗು ಸರಿಸಿ, ತಲೆ ಬಗ್ಗಿಸಿ, ಅದರ ಮೇಲುದವಡೆಯನ್ನು ತನ್ನ ಕುತ್ತಿಗೆಯ ಹಿಂದಕ್ಕೆ ಇಟ್ಟುಕೊಂಡಳು. ಚಿರತೆ ಹಿಡಿಯುವಾಗ ಹೇಗಿರುತ್ತದೋ ಹಾಗೆ. ಆಮೇಲೆ ಮೆಲ್ಲಗೆ ಒತ್ತಿದಳು.

"ಬಲಗಡೆ ಚುಚ್ತಾ ಐತೆ," ಎಂದಳು. "ಎಡಗಡೆ ಮೊಂಡು. ನನ್ನ ಮಗೀಗೆ ಬಲಗಡೆ ಚುಚ್ಚಿರ್ಲಿಲ್ಲ. ಅವಳ್ನೂ ನಾನೇ ತೊಳ್ದೆ, ಮೊನ್ನೆ ಇವ್ರನ್ನೂ ನಾನೇ ಒರೆಸ್ದೆ. ಇಬ್ರಿಗೂ ಬಲಗಡೆ ಬರೀ ಕಪ್ಪು."

ನನಗೆ ಆಗ ಗೊತ್ತಾಯಿತು. ಬುರುಡೆ ನನಗೆ ಎದುರಾಗಿತ್ತು. ನನ್ನ ಬಲಗೈ ಕಡೆಯ ಹಲ್ಲನ್ನು ಹೊಡೆದಿದ್ದೆ. ಅದು ಚಿರತೆಯ ಎಡ. ಮೂವತ್ತು ವರ್ಷ ಮುರಿದದ್ದನ್ನು ಕಟ್ಟಿದವನಿಗೆ ಎಡ ಬಲ ಎಣಿಸುವ ಅಭ್ಯಾಸವೇ ಇರಲಿಲ್ಲ. ಮುರಿದದ್ದು ತಾನಾಗಿ ಕಣ್ಣಿಗೆ ಬೀಳುತ್ತಿತ್ತು, ಕಟ್ಟುತ್ತಿದ್ದೆ. ಮುರಿಯುವ ಕೆಲಸ ನನಗೆ ಹೊಸದು.

ಅವಳು ಎದ್ದು ಬುರುಡೆಯನ್ನು ನನ್ನ ಕೈಗಿಟ್ಟಳು. ದನಿ ಏರಿಸಲಿಲ್ಲ.

"ಹಲ್ಲು ನಾಕೂ ನೆಟ್ಟಗಿದ್ದಿದ್ರೆ, ಪಾಪ ಪಟೇಲ್ರು ತಿಳೀದೆ ಬ್ಯಾರೇದ್ನ ಹೊಡ್ದವ್ರೆ ಅಂದ್ಕೊತಿದ್ದೆ. ಇದು ಅದಲ್ಲ ಅಂತ ತಿಳ್ದೋರು ತಾನೆ ಕುಂತ್ಕಂಡು ಮುರಿಯೋದು?"

ನನ್ನ ಬಾಯಿಗೆ ಬಂದದ್ದು ಒಂದೇ ಮಾತು. ಹೇಳಲೂ ನಾಚಿಕೆ. "ಸರಿಮಾಡಿಬಿಡ್ತೀನಿ ತಾಯಿ," ಎಂದೆ.

"ಯಾವುದ್ನ?" ಎಂದಳು.

ಅವಳೇ ಮುಂದುವರಿಸಿದಳು. "ಇವತ್ತೂ ಕಣದಾಗೆ ಜನ ಮಲಗ್ತಾರೆ. ನಾ ಏಳಿದ್ರೆ ಗಂಡ ಸತ್ತ ಸಂಕಟಕ್ಕೆ ಆಡ್ತಾಳೆ ಅಂತಾರೆ. ನೀವು ಬಂದು ಏಳ್ಬೇಕು. ಹೊತ್ತು ಮುಳುಗೋಕ್ ಮುಂಚೆ."

ಗಂಗಾಂಬಿಕೆ ಒಳಗಿನಿಂದ ನನ್ನ ಶಲ್ಯ ತಂದು ಹೊಸ್ತಿಲ ಮೇಲಿಟ್ಟಳು.

ಕಲ್ಲುಕೊಪ್ಪಲು ಸೇರುವಾಗ ಸಂಜೆಯಾಗಿತ್ತು. ಅರಳಿಕಟ್ಟೆಯ ಮುಂದೆ ಜನ ಸೇರಿದರು, ಪಟೇಲನೂ ಬಂದು ನಿಂತ. ಬುರುಡೆಯನ್ನು ಕಟ್ಟೆಯ ಮೇಲಿಟ್ಟು ಹೇಳಿದೆ. ಇದು ಮರಿ ಚಿರತೆ, ಹಲ್ಲು ಮುರಿದವನು ನಾನು, ದೇವೀರಿಯನ್ನು ಹಿಡಿದದ್ದು, ರಾಮಣ್ಣನನ್ನು ಹಿಡಿದದ್ದು ಒಂದೇ, ಅದು ಇನ್ನೂ ಬದುಕಿದೆ. ಮುರಿ ಎಂದವರು ಯಾರೆಂದು ನಾನು ಹೇಳಲಿಲ್ಲ; ಎಲ್ಲರೂ ಪಟೇಲನ ಮುಖ ನೋಡಿದರು, ಅವನು ಬುರುಡೆಯನ್ನು ನೋಡುತ್ತಿದ್ದ. ಬೋರಪ್ಪ ಒಂದೇ ಪ್ರಶ್ನೆ ಕೇಳಿದ.

"ರಾಮಣ್ಣ ನಿಮ್ಮ ಕಾಲಿಗೆ ಬಿದ್ದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಯಾರೂ ಕೈಯೆತ್ತಲಿಲ್ಲ. ಒಂದೆರಡು ಏಟು ಬಿದ್ದಿದ್ದರೆ ಚೆನ್ನಾಗಿತ್ತು. ಜನ ಕಣಗಳಿಗೆ ಓಡಿ ಕಂಬಳಿ, ಚಾಪೆ ಹೊತ್ತು ತಂದರು, ದನಗಳನ್ನು ಒಳಗೆ ಅಟ್ಟಿದರು. ಒಂದೊಂದೇ ಬಾಗಿಲು ಮುಚ್ಚಿ ಅಗುಳಿ ಬಿದ್ದವು. ಯಾವ ಮನೆಯವರೂ ನನ್ನನ್ನು ಕರೆಯಲಿಲ್ಲ, ನಾನು ಕೇಳಲೂ ಇಲ್ಲ. ಮೋಟಾರು ಹೋಗಿಯಾಗಿತ್ತು. ಕತ್ತಲು ಇಳಿಯುತ್ತಿದ್ದ ಬೀದಿಯಲ್ಲಿ ನಾನೊಬ್ಬನೇ ನಿಂತಿದ್ದೆ. ಹೆದರಿಕೆ ಆಗಲಿಲ್ಲ. ಬಂದರೆ ಬರಲಿ ಅನ್ನಿಸಿತು, ಅದೇ ನ್ಯಾಯ ಅಂತಲೂ ಅನ್ನಿಸಿತು.

ಬೀದಿಯ ತುದಿಯಲ್ಲಿ ಒಂದು ಬಾಗಿಲು ಮಾತ್ರ ತೆರೆದಿತ್ತು. ಮಲ್ಲಿಗಮ್ಮ ಅಗುಳಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಒಳೀಕೆ ಬನ್ನಿ," ಎಂದಳು. "ಬೆಳಕರಿದ್ರೆ ಪಟೇಲ್ರು ಜನದ ಮನಸ್ಸು ತಿರುಗಿಸ್ತಾರೆ. ನಿಮ್ಮನ್ನ ಇವತ್ತು ಅದು ತಿಂದ್ಬುಟ್ರೆ, ನಾಳೀಕೆ ಇನ್ನೊಂದ್ಸಲ ನಿಜ ಏಳೋರು ಯಾರು?"

ಹೊರಗೆ ನಿಲ್ಲುವುದೇ ಸುಲಭವಾಗಿತ್ತು. ತಲೆ ತಗ್ಗಿಸಿ ಒಳಗೆ ಹೋದೆ. ರಾಮಣ್ಣನ ಚಾಪೆಯನ್ನೇ ಅವಳು ನನಗೆ ಹಾಸಿದ್ದಳು.