ಕ್ಲೇಟನ್‌ರ ಪೈಕಿ

ಕಾಮಾಕ್ಷಮ್ಮ ಯಾರನ್ನೂ ಮೊದಲು ಹೆಸರು ಕೇಳಿದವರಲ್ಲ. "ನೀವು ಯಾರ ಪೈಕಿ?" ಎಂಬುದೇ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು. ಹುಣಸೂರಿನ ಸಂತೆಯಲ್ಲಿ ಕೇಳುತ್ತಿದ್ದ ಹಾಗೆಯೇ ಸಿಂಗಪುರದ ಕಲ್ಲಾಂಗ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಚೀನೀ ಹೆಂಗಸನ್ನೂ, ಟ್ಯಾಕ್ಸಿ ಓಡಿಸುವ ಮಲಯ್ ಮುದುಕನನ್ನೂ, ಲಿಫ್ಟ್ ರಿಪೇರಿಗೆಂದು ಬಂದ ಬಂಗಾಳಿ ಹುಡುಗನನ್ನೂ ಅಚ್ಚಗನ್ನಡದಲ್ಲಿ ಕೇಳಿ, ಪಕ್ಕದಲ್ಲಿ ನಿಂತ ಮೊಮ್ಮಗಳ ಕಡೆ ತಿರುಗಿ, "ಹೇಳೇ, ಅವರ ಭಾಷೇಲಿ ಹೇಳು" ಎನ್ನುತ್ತಿದ್ದರು. ಮೊಮ್ಮಗಳು ಶ್ರೀಯಾ ಅಲ್ಲಿಯೇ ಹುಟ್ಟಿ ಬೆಳೆದವಳು. ನಾಚಿಕೆಯಿಂದ ಅವಳ ಕಿವಿ ಕೆಂಪಾಗುತ್ತಿತ್ತು.

"ಹಾಗೆಲ್ಲ ಕೇಳ್ಬಾರ್ದು ಅಜ್ಜಿ. ರೂಡ್ ಲಾ" ಎನ್ನುತ್ತಿದ್ದಳು, ಸಿಂಗಪುರದವರು ಮಾತಿನ ಕೊನೆಗೆ ಅಂಟಿಸುವ ಆ 'ಲಾ' ಸೇರಿಸಿ.

"ಯಾರ ಪೈಕಿ ಅಂತ ಕೇಳೋದು ರೂಡಾದ್ರೆ, ಯಾರ ಪೈಕಿಯೂ ಅಲ್ಲ ಅಂತ ಬಿಟ್ಟು ಹೋಗೋದಕ್ಕೆ ಏನಂತಾರೆ?"

ಸೊಂಟದ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ ಎಡಕ್ಕೆ ತುಸು ವಾಲಿ, ನೀರು ತುಳುಕದ ಹಾಗೆ ನಡೆಯುವುದು ಅವರ ನಡಿಗೆ. ನಲ್ಲಿ ಬಂದು ಎಷ್ಟೋ ಕಾಲವಾಗಿದ್ದರೂ ಕೊಡದ ನೆನಪು ಆ ಮೈಯನ್ನು ಬಿಟ್ಟಿರಲಿಲ್ಲ. ಸೀರೆಯ ಮೇಲೆ ತೀರಿಹೋದ ಗಂಡನ ಕಂದು ಉಣ್ಣೆಯ ಕೋಟು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಆ ಪುಣ್ಯಾತ್ಮರು ಮೈಸೂರಿನ ಮಾಗಿಯ ಬೆಳಗುಗಳಲ್ಲಿ ತೊಡುತ್ತಿದ್ದ ಕೋಟನ್ನು ಇವರು ಬೆವರು ಸುರಿಯುವ ಸಿಂಗಪುರದಲ್ಲಿ ಎಂಆರ್‌ಟಿ ರೈಲಿನೊಳಗಿನ ಕೃತಕ ಚಳಿಗೆಂದು ಹಾಕಿಕೊಳ್ಳುತ್ತಿದ್ದರು. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಗುಂಡಿ ಹಾಕುವುದು, ಹೊರಗೆ ಬಂದು ಬಿಚ್ಚುವುದು. ಇದಕ್ಕೆ ಯಾರು ನಕ್ಕರೂ, ಮಗ ಬೈದರೂ, ಸೊಸೆ ಉಮಾ ಚೆಂದದ ಶಾಲು ತಂದುಕೊಟ್ಟರೂ ಅವರದು ಒಂದೇ ಉತ್ತರ: "ಅದಿರಲಿ." ಎದುರಿನವರ ಮಾತನ್ನು ಒಪ್ಪಿಕೊಂಡಂತೆ ಕಾಣಿಸಿ, ಅದನ್ನು ಮೆಲ್ಲಗೆ ಮೂಲೆಗೆ ಸರಿಸಿ, ತಾವು ಹಿಡಿದ ದಾರಿಯಲ್ಲೇ ಹೋಗುವವರ ಮಾತು ಅದು. ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಕಟ್ಟಡದ ಕೆಳಗಿನ ಆ ಬಯಲು ಹಜಾರದಲ್ಲಿ, ಸಂಜೆ ಸೇರುತ್ತಿದ್ದ ನಾವು ನಾಲ್ಕಾರು ಹೆಂಗಸರು ಆ ಮಾತು ಕೇಳಿದೊಡನೆ ವಾದ ನಿಲ್ಲಿಸಿಬಿಡುತ್ತಿದ್ದೆವು.

ಎರಡು ಸಾವಿರದ ಏಳನೆಯ ಇಸವಿ. ಊರೆಲ್ಲ ಕ್ರೇನುಗಳು, ಇವತ್ತು ಇದ್ದ ಕಟ್ಟಡ ನಾಳೆ ಇಲ್ಲ, ನಾಳಿದ್ದು ಅಲ್ಲೇ ಮತ್ತೊಂದು. ಕಾಮಾಕ್ಷಮ್ಮನ ಮಗ ವಾಸು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕೊಂದರ ಆಫೀಸಿನಲ್ಲಿದ್ದ. ಬೆಳಗ್ಗೆ ಹೋದವನು ಮನೆ ಮುಟ್ಟುವ ಹೊತ್ತಿಗೆ ಸಾರು ಆರಿರುತ್ತಿತ್ತು. ಆ ವರ್ಷ ಶ್ರೀಯಾ ಒಬ್ಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದಳು. ಡೇನಿಯಲ್ ಕ್ಲೇಟನ್. ಪಾಸಿರ್ ಪಂಜಾಂಗ್ ಬಂದರಿನಲ್ಲಿ ಕಂಟೇನರುಗಳನ್ನು ಯಾವ ಹಡಗಿನಲ್ಲಿ ಎಲ್ಲಿ ಇಡಬೇಕೆಂದು ಗೊತ್ತು ಮಾಡುವ ಕೆಲಸ. ಎಣ್ಣೆಗಪ್ಪು ಬಣ್ಣ, ಬೆಕ್ಕಿನ ಕಣ್ಣು, ಚೀನೀಯರ ಹಾಗೆ ನೇರ ಕೂದಲು. ಮುಖ ನೋಡಿ ದೇಶ ಹೇಳುವ ಹಾಗಿರಲಿಲ್ಲ.

"ನಮಸ್ಕಾರ ಅಜ್ಜಿ" ಎಂದು ಕಲಿತುಬಂದ ಕನ್ನಡದಲ್ಲಿ ಹೇಳಿ ಕಾಲಿಗೆ ಬಿದ್ದ.

"ಚೆನ್ನಾಗಿರಪ್ಪ. ಯಾರ ಪೈಕಿ?"

ಶ್ರೀಯಾ ಈ ಸಲ ನಾಚಲಿಲ್ಲ. ಮೆತ್ತಗೆ ತರ್ಜುಮೆ ಮಾಡಿದಳು. ಹುಡುಗ, ಅಪ್ಪನನ್ನು ತಾನು ನೋಡಿಲ್ಲವೆಂದೂ, ಅಮ್ಮ ಬೇಗ ಹೋದಳೆಂದೂ, ಸಾಕಿದ ಅಜ್ಜಿ ಹಿಂದಿನ ವರ್ಷ ತೀರಿಕೊಂಡಳೆಂದೂ ಹೇಳಿದ. ಅಪ್ಪನಿಂದ ಬಂದದ್ದು ಆ ಒಂದು ಹೆಸರು ಮಾತ್ರ.

"ಹಾಗಾದ್ರೆ ಕ್ಲೇಟನ್‌ರ ಪೈಕಿ" ಎಂದು ಕಾಮಾಕ್ಷಮ್ಮ ತೀರ್ಮಾನಿಸಿ, ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.

ಮದುವೆಗೆ ಯಾರೂ ಅಡ್ಡಿ ಹೇಳಲಿಲ್ಲ. ಪುರೋಹಿತರಂತೂ ಸಲೀಸು ಮಾಡಿಬಿಟ್ಟರು. ಹಯಗ್ರೀವ ಶಾಸ್ತ್ರಿಗಳು ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಪಂಚೆಯುಟ್ಟು ಮಂತ್ರ ಹೇಳುವವರು. "ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳೋದು ಪದ್ಧತಿ ಆಂಟಿ, ಪ್ರಾಬ್ಲಮ್ ಇಲ್ಲ" ಎಂದರು.

"ಗೋತ್ರ ಆಯ್ತು. ಜನ?"

"ಜನ ಅಂದ್ರೆ?"

"ಬೀಗರು. ಬಾಗಿಲಲ್ಲಿ ಪಾನಕ ಹಿಡ್ಕೊಂಡು ನಾವು ಯಾರನ್ನ ಎದುರುಗೊಳ್ಳೋದು?"

ವಾಸುವಿಗೆ ಸಿಟ್ಟು ಬಂತು. "ಅಮ್ಮ, ಅವನಿಗೆ ಯಾರೂ ಇಲ್ಲ ಅಂತ ಅವನೇ ಹೇಳಿದಾನೆ. ಆಫೀಸಿಂದ ಒಂದಿಬ್ಬರು ಫ್ರೆಂಡ್ಸ್ ಬರ್ತಾರೆ. ಸಾಕು. ಅವನಿಗೇ ಬೇಡವಾದ್ದು ನಿಂಗ್ಯಾಕೆ?"

"ಅದಿರಲಿ" ಎಂದರು ಕಾಮಾಕ್ಷಮ್ಮ.

ನಮ್ಮ ಕಡೆ ಮನೆತನದ ಹೆಸರೊಂದು ಇತ್ತೆಂದರೆ ಅದರ ಹಿಂದೆ ಒಂದು ಮನೆ, ಒಂದು ಬಾವಿ, ಜಗಳವಾಡಿ ಬೇರೆಯಾದ ನಾಲ್ಕು ಒಲೆ. ಎಷ್ಟು ದೂರ ಚೆದುರಿದರೂ ಸೂತಕ ಬಂದಾಗ ಎಲ್ಲರಿಗೂ ಅಂಟುತ್ತದೆ. ಕ್ಲೇಟನ್ ಎಂಬುದೂ ಅಂಥದೇ ಎಂದು ಅವರು ನಂಬಿದ್ದರು. ಅಕ್ಷರ ಹೆಚ್ಚು ಕಲಿತವರಲ್ಲ; ಆದರೆ ಒಂದು ದಾರದ ತುದಿ ಸಿಕ್ಕರೆ ಉಂಡೆಯೆಲ್ಲ ಬಿಚ್ಚಬಹುದೆಂಬ ಧೈರ್ಯ ಅವರದು. ಟೆಲಿಫೋನ್ ಡೈರೆಕ್ಟರಿ ತೆಗೆಸಿದರು, ಮೊಮ್ಮಗಳ ಬೆರಳಿನಿಂದ ಫೋನು ಒತ್ತಿಸಿದರು, ಕೋಟು ತೊಟ್ಟರು, ಹೊರಟರು.

ಮೊದಲು ಸಿಕ್ಕಿದ್ದು ಕ್ಲೇಟನ್ ಬೇಕರಿ. ಅದರ ಯಜಮಾನ ಫೂ ಎಂಬ ಹೈನಾನ್ ಕಡೆಯ ಚೀನೀ ಮುದುಕ. ಅವನ ಅಪ್ಪ ಕ್ಲೇಟನ್ ಎಂಬ ದೊರೆಯ ಮನೆಯಲ್ಲಿ ಅಡುಗೆಯವನಾಗಿದ್ದನಂತೆ. ದೊರೆ ಊರು ಬಿಡುವಾಗ ಒಲೆ ಕೊಟ್ಟು ಹೋದ. ಅಪ್ಪ ಒಲೆಯ ಜೊತೆ ಹೆಸರನ್ನೂ ಇಟ್ಟುಕೊಂಡ. "ನಮ್ಮ ರಕ್ತದಲ್ಲಿ ಕ್ಲೇಟನ್ ಇಲ್ಲ, ಬನ್ನಿನಲ್ಲಿದೆ" ಎಂದು ಫೂ ನಕ್ಕ. ಆಮೇಲೆ ಕಲ್ಲಾಂಗ್‌ನಲ್ಲಿಯೇ ಗ್ರೇಸ್ ಕ್ಲೇಟನ್ ಸಿಕ್ಕರು. ನರ್ಸ್ ಕೆಲಸದಿಂದ ರಿಟೈರ್ ಆದ ತಮಿಳು ಹೆಂಗಸು. ಗಂಡನ ತಾತ ರಬ್ಬರ್ ತೋಟದಲ್ಲಿ ಕೂಲಿಗಿದ್ದಾಗ, ದೀಕ್ಷೆ ಕೊಟ್ಟ ಪಾದ್ರಿಯ ಹೆಸರನ್ನೇ ತಾನೂ ಇಟ್ಟುಕೊಂಡಿದ್ದ. ಮೂರನೆಯವರು ಪಾಸಿರ್ ಪಂಜಾಂಗ್‌ನ ಸಿರಿಲ್ ಕ್ಲೇಟನ್. ಹಡಗುಗಳನ್ನು ಎಳೆದು ದಡಕ್ಕೆ ತರುವ ಟಗ್ ದೋಣಿಯ ಕ್ಯಾಪ್ಟನ್ ಆಗಿದ್ದ, ಬಿಳಿಯರ ರಕ್ತ ಬೆರೆತ ಯುರೇಷಿಯನ್ ಮುದುಕ; ಒಂಟಿ. ಬನಿಯನ್ನಿನಲ್ಲೇ ಬಾಗಿಲು ತೆರೆದು, ತನ್ನ ತಾತ ಲಿವರ್‌ಪೂಲಿನಿಂದ ಹಡಗಿನಲ್ಲಿ ಬಂದವನು, ಡೇನಿಯಲ್ ಗೀನಿಯಲ್ ತನಗೆ ಗೊತ್ತಿಲ್ಲ ಎಂದು ಹೇಳಿ, ಬಾಗಿಲು ಹಾಕಿಕೊಂಡ.

ಒಂದೇ ಹೆಸರಿನಡಿ ಒಂದು ಒಲೆ, ಒಬ್ಬ ಪಾದ್ರಿ, ಒಂದು ಹಡಗು. ಬೇರು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಬೇರೆ ಬೇರೆ ಕುಂಡಗಳ ಗಿಡ. ಆ ಸಂಜೆ ಕಾಮಾಕ್ಷಮ್ಮ ಕೆಳಗಿನ ಹಜಾರದ ನಮ್ಮ ಬೆಂಚಿಗೆ ಬರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ವಾಸು, "ನಾನು ಹೇಳಲಿಲ್ವಾ? ಇಂಗ್ಲಿಷ್ ಸರ್‌ನೇಮ್ ಅಂದ್ರೆ ಹಾಗೇನೇ ಅಮ್ಮ. ಯಾರಿಗೂ ಯಾರೂ ಸಂಬಂಧ ಇಲ್ಲ" ಎಂದ. ಅವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

"ನನ್ನ ಮದುವೇಲಿ ಧಾರೆ ಎರೆದವರು ಯಾರು ಗೊತ್ತೇನೋ?"

"ನಿನ್ನ ಸೋದರಮಾವ ಅಲ್ವಾ? ಮೇಷ್ಟ್ರು ಮಾವ ಅಂತಿದ್ಯಲ್ಲ."

"ಮಾವನೂ ಅಲ್ಲ, ಏನೂ ಅಲ್ಲ. ಎದುರು ಮನೆ ಮೇಷ್ಟ್ರು. ಅಪ್ಪ ಅಮ್ಮ ಇಬ್ಬರೂ ಒಂದೇ ಕಾಯಿಲೆಗೆ ಹೋದ್ರು, ಸಾಕಿದ ಅತ್ತೆ ಮದುವೆ ಗೊತ್ತಾದ ಮೇಲೆ ಹೋದಳು. ಹೆಣ್ಣಿನ ಕಡೆಯೋರಿಗೆ ಅಂತ ಹಾಸಿದ ಚಾಪೆ ಮೇಲೆ ಯಾರೂ ಇರಲಿಲ್ಲ. ಮೇಷ್ಟ್ರು, ಅವರ ಹೆಂಡತಿ, ಅಷ್ಟೇ. ಆಮೇಲೆ ನಿಮ್ಮಜ್ಜಿ ಸಾಯೋವರೆಗೂ ನಂಗೆ ಅಂತಿದ್ರು, 'ನಿನ್ನ ಕಡೆಯೋರು ಯಾರೇ ಬಂದಿದ್ರು, ಚಾಪೆ ಒಂದು ಬಿಟ್ಟು?' ಅಂತ."

ಮಗನಿಗೆ ಇದು ಗೊತ್ತೇ ಇರಲಿಲ್ಲ. ಬಹುಶಃ ನುಂಗಿಕೊಂಡ ಮಾತನ್ನು ಮಕ್ಕಳ ಮುಂದೆ ತೆಗೆಯುವ ಅಭ್ಯಾಸ ಆ ತಲೆಮಾರಿನ ಹೆಂಗಸರಿಗೆ ಇಲ್ಲ. ಉಮಾ ಕೈ ತೊಳೆದುಕೊಂಡು ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ನಾವು ಯಾರೂ ಆ ಹುಡುಗನಿಗೆ ಹಾಗೆ ಅನ್ನಲ್ಲಮ್ಮ."

"ಅನ್ನೋದು ಬೇಡ ಕಣೆ. ಖಾಲಿ ಚಾಪೆ ಇದ್ರೆ ಅದೇ ಅನ್ನತ್ತೆ."

ಮರುದಿನ ಬೆಳ್ಳಿಯ ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ಹಿಡಿದು ಮತ್ತೆ ಹೊರಟರು. ಈಗ ನೆಂಟಸ್ತಿಕೆ ಹುಡುಕುವ ಕೆಲಸ ಮುಗಿದಿತ್ತು. ನೆಂಟರನ್ನು ಕರೆಯುವ ಕೆಲಸ ಉಳಿದಿತ್ತು. ಗ್ರೇಸ್ ಶ್ರೀಯಾಳ ಕೈಯಿಂದ ಕುಂಕುಮ ಇಡಿಸಿಕೊಳ್ಳುತ್ತಾ ಅತ್ತರು. ಇಷ್ಟು ವರ್ಷಗಳಲ್ಲಿ ಯಾರೂ ತಮ್ಮನ್ನು ಬಾಗಿಲಿಗೆ ಬಂದು ಮದುವೆಗೆ ಕರೆದಿರಲಿಲ್ಲವಂತೆ, ಎಲ್ಲ ಫೋನಿನಲ್ಲೇ. ಫೂ ಕೇಳಿದ ಒಂದೇ ಪ್ರಶ್ನೆ, ಕೇಕು ಎಷ್ಟು ದೊಡ್ಡದಿರಬೇಕು ಎಂದು. ಮೊಟ್ಟೆ ಇರಬಾರದು ಎಂದಾಗ ಮಾತ್ರ ಅವನಿಗೆ ತನ್ನ ಅಪ್ಪನ ಹೆಸರಿಗೇ ಕುಂದು ಬಂದಷ್ಟು ನೋವಾಯಿತು, ಆದರೂ ಒಪ್ಪಿಕೊಂಡ.

ಸಿರಿಲ್ ಮುದುಕನ ಬಾಗಿಲು ಈ ಸಲವೂ ಅರ್ಧವೇ ತೆರೆಯಿತು. ಗಂಡಿನ ದೊಡ್ಡಪ್ಪನಾಗಿ ಮದುವೆಗೆ ಬರಬೇಕೆಂದು ಕಾಮಾಕ್ಷಮ್ಮ ಕರೆದರು; ಇಬ್ಬರ ನಡುವೆ ಶ್ರೀಯಾ ಮಾತು ದಾಟಿಸುತ್ತಾ ನಿಂತಳು.

"ನನ್ನ ನಿಜವಾದ ನೆಂಟರ ಜೊತೆಗೇ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಸುಳ್ಳು ನೆಂಟರು ಯಾಕೆ ಬೇಕು ನಂಗೆ?"

"ಅದಿರಲಿ. ಜಗಳ ಆಡೋಕೆ ಈಗ ಯಾರಿದಾರೆ ನಿಮಗೆ?"

ಇದನ್ನು ಶ್ರೀಯಾ ಹೇಗೆ ಹೇಳಿದಳೋ, ಮುದುಕನ ಹುಬ್ಬು ಮೇಲೇರಿತು. "ಗಂಡಿನ ದೊಡ್ಡಪ್ಪ ಅಂದ್ರೆ ಏನು ಮಾಡಬೇಕು? ಭಾಷಣ ಗೀಷಣ ನನ್ನ ಕೈಲಾಗಲ್ಲ."

"ಏನೂ ಮಾಡೋದು ಬೇಡ. ಮುಂದುಗಡೆ ಕುರ್ಚಿ ಮೇಲೆ ಕೂತ್ಕೊಂಡು ಕೊಂಕು ತೆಗೀಬೇಕು. ಸಾರಿಗೆ ಉಪ್ಪು ಹೆಚ್ಚಾಯ್ತು, ಮರ್ಯಾದೆ ಕಮ್ಮಿಯಾಯ್ತು, ಕಾಫಿ ತಣ್ಣಗಾಯ್ತು. ನೀವು ಅನ್ನಬೇಕು, ನಾವು ಓಡಾಡಬೇಕು. ಗಂಡಿನ ಕಡೆಯೋರು ಅಂದ್ರೆ ಅದೇ."

ಅವನು ಅಕ್ಷತೆಯನ್ನು ಮಾತ್ರ ಕೈಯೊಡ್ಡಿ ಇಸಿದುಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದ.

ಮದುವೆಯ ದಿನ ಬಾಡಿಗೆ ಹಾಲ್‌ನ ಬಾಗಿಲಲ್ಲಿ ವಾಸು, ಉಮಾ ಪಾನಕದ ಲೋಟಗಳ ತಟ್ಟೆ ಹಿಡಿದು ನಿಂತರು. ಡೇನಿಯಲ್ ಪೇಟ ಸುತ್ತಿಕೊಂಡು, ಇಬ್ಬರು ಸ್ನೇಹಿತರ ನಡುವೆ, ಒಬ್ಬಂಟಿಯಾಗಿ ನಿಲ್ಲುವುದು ರೂಢಿಯಾದವರ ಆ ನೆಟ್ಟನೆಯ ನಿಲುವಿನಲ್ಲಿ ನಿಂತಿದ್ದ. ಅಷ್ಟರಲ್ಲಿ ಗ್ರೇಸ್ ಕಾಂಚೀಪುರದ ಸೀರೆಯುಟ್ಟು, ಮಕ್ಕಳು ಮೊಮ್ಮಕ್ಕಳೊಡನೆ ಬಂದು ಯಾರ ಅಪ್ಪಣೆಯನ್ನೂ ಕೇಳದೆ ಹುಡುಗನ ಹಿಂದೆ ನಿಂತರು. ಫೂ ಸಂಸಾರ ಸಮೇತ ಬಂದ. ಕೇಕನ್ನು ನಾಲ್ವರು ಹೊತ್ತುಕೊಂಡಿದ್ದರು. ಹುಡುಗ ಒಮ್ಮೆ ಹಿಂತಿರುಗಿ ನೋಡಿದ, ಮತ್ತೊಮ್ಮೆ ನೋಡಿದ. ಕಾಮಾಕ್ಷಮ್ಮ ಆರತಿ ಎತ್ತಿಸಿ, ಎಲ್ಲರಿಗೂ ಪಾನಕ ಕೊಡಿಸಿ, ಒಳಗೆ ಕರೆದರು. ಮಂಟಪದ ಎದುರಿಗೆ ಗಂಡಿನ ಕಡೆಯ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಖಾಲಿ. ಯಾರು ಕೂರಲು ಬಂದರೂ, "ಅದು ಗಂಡಿನ ದೊಡ್ಡಪ್ಪಂದು" ಎಂದು ಎಬ್ಬಿಸುತ್ತಿದ್ದರು.

"ಅವರು ಬರಲ್ಲಮ್ಮ. ಎತ್ತಿಸಿಬಿಡ್ತೀನಿ, ಫೋಟೋದಲ್ಲಿ ಖಾಲಿ ಕಾಣತ್ತೆ" ಎಂದ ವಾಸು.

"ಅದಿರಲಿ."

ಅಂತರಪಟ ಹಿಡಿಯುವ ಹೊತ್ತಿಗೆ ಬಾಗಿಲಲ್ಲಿ ಸಿರಿಲ್ ಕ್ಲೇಟನ್ ಕಾಣಿಸಿಕೊಂಡ. ಹಿತ್ತಾಳೆ ಗುಂಡಿಗಳ, ಹೊಟ್ಟೆಯ ಮೇಲೆ ಬಿಗಿದುಕೊಂಡ, ಕ್ಯಾಪ್ಟನ್ ಕಾಲದ ಬಿಳಿ ಕೋಟು. ಎದುರಿಗೆ, ಹಾಲ್‌ನ ಏಸಿಗೆ ನಡುಗುತ್ತಾ ಕಂದು ಕೋಟಿನ ಕಾಮಾಕ್ಷಮ್ಮ. ಎರಡು ಕೋಟುಗಳೂ ಒಂದನ್ನೊಂದು ನೋಡಿಕೊಂಡವು. ಅವನು ಬಂದು ಖಾಲಿ ಕುರ್ಚಿಯಲ್ಲಿ ಕೂತ. ಉಮಾ ಆಗತಾನೆ ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು, ಲೋಟವನ್ನು ದೂರ ಹಿಡಿದು, ದೋಣಿಯಿಂದ ಹಡಗಿಗೆ ಕೂಗಿ ರೂಢಿಯಾದ ಗಂಟಲಿನಲ್ಲಿ ಅವನೆಂದ:

"ಕಾಫಿ ಈಸ್ ಕೋಲ್ಡ್."

ಇಡೀ ಸಭೆ ತಿರುಗಿ ನೋಡಿತು. ಉಮಾಳ ಮುಖ ಬಾಡಿತು. ವಾಸು ಏನೋ ಹೇಳಲು ಬಾಯಿ ತೆರೆದ. ಲೋಟದಿಂದ ಹಬೆ ಏಳುತ್ತಿದ್ದುದು ಹಿಂದಿನ ಸಾಲಿನಲ್ಲಿದ್ದ ನಮಗೂ ಕಾಣುತ್ತಿತ್ತು. ಕಾಮಾಕ್ಷಮ್ಮ ಮಾತ್ರ ಇಲ್ಲದ ಕೊಡ ತುಳುಕುವಷ್ಟು ಬೇಗ ಓಡಿಬಂದು, ಲೋಟ ಇಸಿದುಕೊಂಡು, "ತಪ್ಪಾಯ್ತು, ತಪ್ಪಾಯ್ತು, ಬಿಸಿದು ತರ್ತೀನಿ" ಎನ್ನುತ್ತಾ ಅಡುಗೆಮನೆಯ ಕಡೆ ನಡೆದರು. ಅವರ ಕಣ್ಣು ತುಂಬಿತ್ತು. ಅಂತರಪಟದ ಪಕ್ಕಕ್ಕೆ ತಲೆ ಚಾಚಿ ಮದುಮಗ ನೋಡಿದ: ತನ್ನ ಕಡೆಯವರೊಬ್ಬರು ಸಿಟ್ಟಾಗಿದ್ದರು, ಅವರನ್ನು ಸಮಾಧಾನ ಮಾಡಲು ಒಂದು ಮನೆತನ ಓಡಾಡುತ್ತಿತ್ತು. ಅವನು ನಕ್ಕದ್ದನ್ನು ನಾನು ಆವತ್ತೇ ಮೊದಲು ಕಂಡದ್ದು.

ಕಾಮಾಕ್ಷಮ್ಮನಂಥವರು ಯಾವ ಊರಿಗೆ ಹೋದರೂ ಆ ಊರನ್ನು ತಮ್ಮ ಪ್ರಶ್ನೆಗೆ ಉತ್ತರ ಹೇಳುವಂತೆ ಮಾಡಿಬಿಡುತ್ತಾರೆ. ಓದು ಬರಹ ಬಲ್ಲ ನಾಲ್ಕು ಜನ ಅವರ ತಪ್ಪು ತಿದ್ದಬಹುದು, ಅವರ ಕೋಟಿಗೆ ನಗಬಹುದು. ನೆಂಟಸ್ತಿಕೆ ರಕ್ತದಿಂದಲೋ ಹೆಸರಿನಿಂದಲೋ ಬರುವುದೆಂಬ ಚರ್ಚೆಯಲ್ಲಿ ಅವರು ಸೋತೇ ಸೋಲುತ್ತಾರೆ. ಆದರೆ ಒಮ್ಮೆ ಖಾಲಿ ಚಾಪೆಯ ಎದುರು ಹಸೆಮಣೆಯ ಮೇಲೆ ಕೂತವರು, ಬಂದವರಿಗೆ ಚಾಪೆ ಹಾಸುವುದನ್ನು ಮರೆಯುವುದಿಲ್ಲ. ಕರೆದೂ ಬಾರದವರ ಚಾಪೆಯನ್ನು ಯಾರಿಗೂ ಮಡಿಸಗೊಡುವುದಿಲ್ಲ.