ಬೆಂಕಿ ಕಾಣದ ಒಲೆ

ನನ್ನ ತಮ್ಮ ಸತ್ಯಪ್ಪ ತೀರಿಕೊಂಡ ದಿನ ಅವನ ಮನೆಯಲ್ಲಿ ಮೂರು ಒಲೆಗಳಿದ್ದವು. ಒಂದನ್ನೂ ಹಚ್ಚುವಂತಿರಲಿಲ್ಲ. ಹೆಣ ಹೊರಟ ಮನೆಯಲ್ಲಿ, ಹೋದವರು ತಿರುಗಿ ಬರುವ ತನಕ ಒಲೆ ಹೊತ್ತಿಸಬಾರದು. ಆ ಹೊತ್ತಿನಲ್ಲಿ ಮನೆಯ ಬೆಂಕಿಯೆಲ್ಲ ಸತ್ತವನದು, ಅದರಲ್ಲಿ ನಾವು ಪಾಲು ಕೇಳಿದರೆ ಅವನಿಗೆ ಸಾಲುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು.

ಬೆಳಿಗ್ಗೆ ಸತ್ಯಪ್ಪನ ಮಗ ಬಾಳೇಶ ಚಿತೆಗೆಂದು ಗ್ಯಾಸ್ ಒಲೆಯ ಉರಿಯಲ್ಲಿ ಸಗಣಿಯ ಕುಳ್ಳು ಹೊತ್ತಿಸಿಕೊಂಡು ಮಡಕೆಯಲ್ಲಿಟ್ಟ. ನಾನೇ ಸಿಲಿಂಡರಿನ ಕಿವಿ ತಿರುವಿ ಬಂದ್ ಮಾಡಿದೆ. ಹೆಣದ ಗಾಡಿ ಉದ್ಯಮಬಾಗ ದಾಟಿ ಖಾನಾಪುರದ ದಾರಿ ಹಿಡಿಯಿತು. ಮಲಪ್ರಭೆಯ ದಂಡೆಯಲ್ಲಿ ನಮ್ಮ ಹಿರಿಯರನ್ನೆಲ್ಲ ಸುಟ್ಟ ಜಾಗವಿದೆ. ಓಣಿಯ ಜನವೆಲ್ಲ ಮನೆಗಳಿಗೆ ಬೀಗ ಹಾಕಿ, ಟೆಂಪೊ ಮಾಡಿಕೊಂಡು ಹಿಂದೆ ಹೋದರು. ಮನೆಯಲ್ಲಿ ಉಳಿದವರು ನಾನು, ಬಾಳೇಶನ ಹೆಂಡತಿ ಸಪ್ನಾ, ಮೂರು ತಿಂಗಳ ಕೂಸು ಸಾಕ್ಷಿ.

ಸಪ್ನಾಗೆ ಎದೆಹಾಲು ಇರಲಿಲ್ಲ. ಕೂಸಿಗೆ ಪುಡಿ ಹಾಲೇ ಗತಿ. ಬಾಜು ಮನೆಯ ಮದರಬೀ ಕೆಲಸಕ್ಕೆ ಹೋಗುವಾಗ ಒಂದು ಫ್ಲಾಸ್ಕ್ ಬಿಸಿನೀರು ಕೊಟ್ಟು ಹೋಗಿದ್ದಳು. ಒಂಬತ್ತರ ಹೊತ್ತಿಗೇ ಅದು ತೀರಿತ್ತು, ಹನ್ನೆರಡಕ್ಕೆ ಕೂಸು ಹಸಿದು ಅಳತೊಡಗಿತು.

"ಅತ್ತಿ, ಕೂಸು ಅಳಾಕತ್ತೇತ್ರಿ. ನೀರು ಕಾಸಬೇಕು," ಅಂದಳು ಸಪ್ನಾ.

"ಮದರಬೀ ಬರ್ತಾಳ, ತಡಿ."

"ಅಕಿ ಡ್ಯೂಟಿ ಬಿಡೂದು ಮೂರಕ್ರಿ. ಅಲ್ಲೀಮಟ ಇದನ್ನ ಅಳಿಸಲೇನು? ಗ್ಯಾಸ್ ಹಚ್ಚಲ್ರಿ?"

"ಬ್ಯಾಡ. ಅದು ಕಣ್ಣಿಗೆ ಕಾಣೂ ಬೆಂಕಿ."

"ಸ್ನಾನದ ನೀರಿಗೆ ಇಟ್ಟ ಕರೆಂಟ್ ಒಲಿ?"

"ಅದರ ಸುರುಳಿ ಕೆಂಪಗಾಗ್ತೇತಿ. ಕೆಂಡ ಅಂದ್ರ ಬೆಂಕಿನ."

"ಹಂಗಾರ ಇಂಡಕ್ಷನ್ ರೀ? ಉರಿನೂ ಇಲ್ಲ, ಕೆಂಡನೂ ಇಲ್ಲ. ನೀವ ಕೈ ಇಟ್ಟು ನೋಡ್ರಿ."

ಕೈ ಇಟ್ಟು ನೋಡಿದೆ. ಕಪ್ಪು ಗಾಜು, ಸಾಲಿ ಮಕ್ಕಳು ಬರೆಯುವ ಪಾಟಿಯಷ್ಟೇ ತಣ್ಣಗಿತ್ತು. ಸತ್ಯಪ್ಪ ಮೂವತ್ತೊಂದು ವರ್ಷ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿದವನು. ಸೊಸೆ ಇದನ್ನು ತಂದ ದಿನ, "ಬೆಂಕಿ ಇಲ್ಲದ ಒಲಿ, ಹಲ್ಲಿಲ್ಲದ ನಾಯಿ" ಎಂದು ನಕ್ಕಿದ್ದ. ಬೆಂಕಿಯೇ ಇಲ್ಲದ ಮೇಲೆ ಅವನ ಪಾಲು ಕಸಿದಂತೆ ಹೇಗಾಗುತ್ತದೆ ಎಂದುಕೊಂಡೆ.

"ಹೂಂ, ಇಡು," ಅಂದೆ. ತಪ್ಪು ನನ್ನದೇ.

ಗಾಬರಿಯಲ್ಲಿ ಅವಳು ಅಲ್ಯುಮಿನಿಯಂ ಬೋಗುಣಿ ಇಟ್ಟಳು. ಅದು ಆ ಒಲೆಗೆ ಆಗದ ಪಾತ್ರೆ; ಒಲೆ ಕೀ ಕೀ ಎಂದು ತಾನಾಗಿಯೇ ಬಂದಾಯಿತು. ಸ್ಟೀಲ್ ಪಾತೇಲಿ ಇಟ್ಟ ಮೇಲೆ ಒಳಗಿನ ಪಂಖ ಗುಂಯ್ ಎಂದಿತು. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಹತ್ತು.

ಒಂದು ಲೋಟ ನೀರಿಗೆ ಎರಡು ನಿಮಿಷ ಸಾಕು. ಹತ್ತು ನಿಮಿಷವಾದರೂ ಗುಳ್ಳೆ ಏಳಲಿಲ್ಲ. ಬೆರಳಿಟ್ಟೆ. ಬಾವಿಯ ತಳದ ನೀರಿನ ಹಾಗೆ ಕೊರೆಯಿತು. ಪ್ಲಗ್ ಕಿತ್ತು ಮತ್ತೆ ಚುಚ್ಚಿದೆವು. ಪಂಖ ತಿರುಗುತ್ತಿತ್ತು, ಅಂಕಿ ಬೆಳಗುತ್ತಿತ್ತು, ನೀರು ಮಾತ್ರ ಮೊದಲಿಗಿಂತ ತಣ್ಣಗಾಗುತ್ತಿತ್ತು.

ಆಗ ಬಾಳೇಶನ ಫೋನ್ ಬಂತು. ಸ್ಪೀಕರ್ ಹಾಕಿದೆ.

"ಅತ್ತಿ, ಕಟ್ಟಿಗಿ ಹತ್ತವಲ್ವು! ಡೀಸೆಲ್ ಸುರಿದೇವಿ, ತುಪ್ಪ ಸುರಿದೇವಿ. ಉರಿ ಕಟ್ಟಿಗಿ ಮುಟ್ಟಿದ ಕೂಡ್ಲೆ ಆರತೈತಿ."

"ಹಸಿ ಅದಾವೇನು?"

"ಮೇ ತಿಂಗಳದಾಗ ಎಲ್ಲೀ ಹಸಿರಿ? ಬಡದ್ರ ಖಣಖಣ ಅಂತಾವು. ಗಾಳಿನೂ ಇಲ್ಲ. ಮಂದಿ ಅಂಜಿ ಹಿಂದಕ ಸರ್ಯಾಕತ್ತಾರ."

"ಎಷ್ಟೊತ್ತಿನಿಂದ?"

"ಹನ್ನೆರಡೂ ಹತ್ತಕ್ಕ ಮುಟ್ಟಿಸಿದ್ವಿ ನೋಡ್ರಿ, ಅವಾಗಿಂದ."

ಸಪ್ನಾ ನನ್ನ ಮುಖ ನೋಡಿದಳು. ಅವಳ ಕೈ ಒಲೆಯ ಗುಂಡಿಗೆ ಹೋಯಿತು. "ಬಂದ್ ಮಾಡ್ತೀನ್ರಿ, ಅತ್ತಿ."

ಒಂದೇ ಬೆಂಕಿಯನ್ನು ಎರಡೂ ಕಡೆಯಿಂದ ಎಳೆಯುತ್ತಿದ್ದೆವು; ಇಲ್ಲಿ ಬಂದ್ ಮಾಡಿದರೆ ತಮ್ಮನಿಗೆ ದಾರಿ ಸಿಗುತ್ತಿತ್ತು. ಆದರೆ ಚಿತೆ ಒಮ್ಮೆ ಹತ್ತಿದರೆ ಉರಿದು ಮುಗಿಯುವಾಗ ಸಂಜೆಯಾಗುತ್ತದೆ. ಅಲ್ಲಿಯವರೆಗೆ ಈ ಮನೆಯಲ್ಲಿ ನೀರು ಕಾಯುವುದಿಲ್ಲ, ಮದರಬೀ ಬರುವುದಕ್ಕೂ ಇನ್ನೂ ಎರಡೂವರೆ ತಾಸು. ನನ್ನ ತೊಡೆಯ ಮೇಲಿನ ಕೂಸಿನ ಅಳು ಸಣ್ಣದಾಗುತ್ತಾ ಬಂದು, ಈಗ ಬಾಯಷ್ಟೇ ತೆರೆಯುತ್ತಿತ್ತು. ದನಿಯಿರಲಿಲ್ಲ.

ನಾನು ಸಪ್ನಾಳ ಕೈ ಹಿಡಿದೆ.

"ಬಾಳೇಶ, ಬೆಂಕಿ ಮಡಕಿ ತಗೊಂಡು ಎಲ್ಲಾರೂ ಹೊಳಿ ಕಡೆ ಸರೀರಿ. ನಾ ಹೇಳೂಮಟ ಯಾರೂ ಕಡ್ಡಿ ಕೊರೀಬ್ಯಾಡ್ರಿ."

"ಏನಂತೀರಿ ಅತ್ತಿ! ಅಪ್ಪನ್ನ ಹಂಗ ಬಿಟ್ಟು? ಮಂದಿ ಏನಂದಾರು?"

"ಮುದುಕಿಗೆ ತಲಿ ಕೆಟ್ಟೈತಿ ಅಂತ ಹೇಳು. ನಿನ್ನ ಮಗಳು ಹಸದೈತಿ. ಫೋನ್ ಇಡಬ್ಯಾಡ."

ಆಮೇಲೆ ಒಲೆಯ ಕಡೆ ತಿರುಗಿ ಹೇಳಿದೆ: "ಸತ್ಯಪ್ಪಾ, ನೀ ಎಪ್ಪತ್ತು ವರ್ಷ ಉಂಡೀಯಪ್ಪಾ. ಮೊದಲ ಕೂಸು ಉಣ್ಣಲಿ."

ಫೋನಿನಲ್ಲಿ ಮರಳಿನ ಮೇಲೆ ಕಾಲು ಸರಿದ ಸದ್ದು, ಗೊಣಗಾಟ, ಆಮೇಲೆ ಏನೂ ಇಲ್ಲ. ಒಂದು ಗುಳ್ಳೆಯೂ ಏಳದೆ, ಪಾತೇಲಿಯ ನೀರು ಒಮ್ಮೆಲೇ ಕಂಠದ ತನಕ ಉಕ್ಕಿತು. ಸಪ್ನಾ ಚೀರಿ ಹಿಂದೆ ಸರಿದಳು. ಅಡುಗೆಮನೆಯ ತುಂಬ ಕಾದ ಕಬ್ಬಿಣದ, ಸುಟ್ಟ ಮರಳಿನ ವಾಸನೆ. ಡ್ಯೂಟಿ ಮುಗಿಸಿ ಬಂದ ಸತ್ಯಪ್ಪ ಅಂಗಿ ಬಿಚ್ಚಿದಾಗ ಬರುತ್ತಿದ್ದ ವಾಸನೆ.

ನೀರು ಆರಿಸಿ, ಪುಡಿ ಕಲಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಸಪ್ನಾ ಬಾಟಲಿ ಕೊಟ್ಟಳು. ಸಾಕ್ಷಿ ಕಣ್ಣು ಮುಚ್ಚಿ ಚೀಪತೊಡಗಿದಳು. ನಾನು ಪ್ಲಗ್ ಕಿತ್ತೆ.

"ಬಾಳೇಶ, ಈಗ ಹೋಗಪ್ಪಾ. ಬೆಂಕಿ ಕೊಡು."

ಫೋನಿನಲ್ಲಿ ಮೊದಲು ಒಂದು ಚಟಪಟ ಸದ್ದು, ಹಿಂದೆಯೇ ನೂರು.

"ಅತ್ತಿ," ಎಂದ ಕೊನೆಗೆ, ಪಿಸುಮಾತಿನಲ್ಲಿ. "ಮಡಕಿ ನನ್ನ ಕೈಯಾಗ ಐತಿ. ನಾವೆಲ್ಲಾ ಹೊಳಿ ದಂಡಿಮ್ಯಾಲ ಅದೇವಿ. ಚಿತಿ ಹತ್ರ ಯಾರೂ ಇಲ್ರಿ. ನಾಲ್ಕೂ ಮೂಲಿ ಹತ್ಯಾವು."

ಸಾಕ್ಷಿ ಬಾಟಲಿ ಬಿಟ್ಟು ಫೋನಿನ ಕಡೆ ತಲೆ ಹೊರಳಿಸಿದಳು. ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮತ್ತೆ ಕುಡಿಯತೊಡಗಿದಳು.