ನೀಲಿ ಅಂಚು

ಲ್ಯಾಬಿನ ಫೋನು ಮೂರನೇ ಸಲ ಬಡಿದುಕೊಂಡಿತು.

"ಏನೇ, ಪೇಷೆಂಟ್ ಹೊಟ್ಟೆ ತೆರೆದಿಟ್ಕೊಂಡು ನಿಂತಿದ್ದೀನಿ. ನರ ತೆಗೀಲಾ, ಬಿಡ್ಲಾ?" ಸರ್ಜನ್ ಕೇಳಿದ. ಅವನೂ ಲ್ಯಾಬಿನ ಡಾಕ್ಟರಮ್ಮನೂ ಒಂದೇ ತರಗತಿಯಲ್ಲಿ ಓದಿದವರು. ಮರ್ಯಾದೆ ಅಲ್ಲೇ ಮುಗಿದಿತ್ತು.

"ನೋಡ್ತಾ ಇದ್ದೀನಿ ಕಣೋ, ತಡ್ಕೋ."

ಆಪರೇಷನ್ ಮೇಜಿನ ಮೇಲೆ ಮಲಗಿದ್ದವನು ನಲವತ್ತೆಂಟರ ಬಸ್ ಡ್ರೈವರ್. ಕ್ಯಾನ್ಸರ್ ಹತ್ತಿದ ಪ್ರಾಸ್ಟೇಟ್ ಗ್ರಂಥಿ ಆಗಲೇ ಹೊರಬಂದಿತ್ತು. ಅದರ ಎಡಬಲಕ್ಕೆ ಅಂಟಿಕೊಂಡಿದ್ದ, ದಾಂಪತ್ಯ ಸುಖಕ್ಕೆ ಬೇಕಾದ ಕೂದಲೆಳೆಯಂಥ ನರಗಳನ್ನು ಸರ್ಜನ್ ಬಿಡಿಸಿ ಒಳಗೇ ಉಳಿಸಿದ್ದ. ಗ್ರಂಥಿಯ ಅಂಚಿಗೆ ಬಣ್ಣ ಬಳಿದು, ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ನೋಡುವುದು ಅವಳ ಕೆಲಸ. ರೋಗ ಬಣ್ಣವನ್ನು ಮುಟ್ಟಿದ್ದರೆ ನರಕ್ಕೂ ತಗುಲಿರಬಹುದು, ತೆಗೆಯಲೇಬೇಕು.

ಹಿಂದಿನ ದಿನ ಡ್ರೈವರ್, ಹೆಂಡತಿಯನ್ನು ಹೊರಗೆ ಕಳಿಸಿ, "ಸಾರ್, ಜೀವದ ಜೊತೆ ಅದೂ ಸ್ವಲ್ಪ..." ಎಂದು ನೆಲ ನೋಡಿದ್ದನಂತೆ. ಬಾಗಿಲಾಚೆಯಿಂದ ಹೆಂಡತಿ, "ಮೊದ್ಲು ಮನುಷ್ಯನ್ನ ಉಳಿಸಿ ಸಾರ್, ಮಿಕ್ಕಿದ್ದು ನಾವು ನೋಡ್ಕೋತೀವಿ!" ಎಂದಳಂತೆ. ಸರ್ಜನ್ ಹೇಳಿದಾಗ ಡಾಕ್ಟರಮ್ಮ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಮೈಕ್ರೋಸ್ಕೋಪಿನಡಿ ಬಲಗಡೆಯ ಅಂಚಿಗೆ ಬಳಿದ ಹಸಿರು, ಸ್ವಚ್ಛ. ಎಡಗಡೆ ನೀಲಿ, ಅದಕ್ಕೆ ಒರಗಿಕೊಂಡು ರೋಗದ ಕಣಗಳು, ಪಕ್ಕದ ಮನೆಯ ಗೋಡೆ ಹತ್ತಿದ ಕಳ್ಳರ ಹಾಗೆ.

"ತೆಗಿ" ಎನ್ನಲು ಬಾಯಿ ತೆರೆದವಳು ತಡೆದಳು. ನೀಲಿ ಬಣ್ಣ ಅಂಚಿನಲ್ಲಿ ನಿಲ್ಲದೆ ಸಣ್ಣ ಗೀರಾಗಿ ಒಳಗೆ ಇಳಿದಿತ್ತು. ಅಂಚಿನ ಬಣ್ಣಕ್ಕೇನು ಒಳಗೆ ಕೆಲಸ?

"ಯಜಮಾನ್ರೇ, ಬಣ್ಣ ಒಣಗಿತ್ತಾ ಕೊಯ್ಯೋವಾಗ?"

ಮೂವತ್ತು ವರ್ಷ ಸರ್ವೀಸಿನ ಟೆಕ್ನಿಷಿಯನ್ ಕೈಗವಸು ನೋಡಿಕೊಂಡರು. "ಅವರು ಫೋನ್ ಮೇಲೆ ಫೋನ್ ಮಾಡ್ತಿದ್ರಲ್ಲಮ್ಮ... ಪೂರ್ತಿ ಒಣಗಿರ್ಲಿಲ್ಲ."

ಹಸಿ ಬಣ್ಣವನ್ನು ಅಲಗೇ ಒಳಗೆ ಎಳೆದೊಯ್ದಿರಬಹುದು. ಅಥವಾ ರೋಗ ನಿಜಕ್ಕೂ ಅಂಚಿಗೆ ಬಂದಿರಬಹುದು. ಒಂದು ಕಡೆ ತಪ್ಪಿದರೆ ನರ ಹೋಗುತ್ತದೆ, ಇನ್ನೊಂದು ಕಡೆ ತಪ್ಪಿದರೆ ಮನುಷ್ಯ.

"ಅದೇ ತುಂಡಲ್ಲಿ ಇನ್ನೂ ಆಳಕ್ಕೆ ಕೊಯ್ಯಿರಿ."

"ಇನ್ನೂ ಹತ್ತು ನಿಮಿಷಾನಾ?" ಫೋನು ಕಿರುಚಿತು. "ರಕ್ತ ಒರೆಸ್ತಾ ನಿಂತಿದ್ದೀನಿ ಇಲ್ಲಿ!"

"ಒರೆಸು. ಆತುರಗಾರನಿಗೆ ಬುದ್ಧಿ ಮಟ್ಟ."

ಹೊಸ ಸ್ಲೈಡ್ ಬಂತು. ಗೀರು ಮಾಯವಾಗಿತ್ತು. ರೋಗಕ್ಕೂ ನೀಲಿಗೂ ನಡುವೆ ಉಗುರಂಚಿಗಿಂತ ತೆಳ್ಳಗೆ, ಆದರೂ ಎಲ್ಲೂ ಕಡಿಯದೆ, ಶುದ್ಧ ಮಾಂಸದ ಪಟ್ಟಿ. ಅವಳು ಅದರುದ್ದಕ್ಕೂ ಎರಡು ಸಲ ಹೋಗಿ ಬಂದಳು.

"ಬಿಡು. ನರ ಮುಟ್ಬೇಡ."

"ಖಂಡಿತಾನಾ?"

"ನಾನು ನೋಡಿದ ಮಟ್ಟಿಗೆ ಖಂಡಿತ."

ಆ ಕಡೆ ಉಸಿರು ಬಿಟ್ಟ ಸದ್ದು. ಆಮೇಲೆ, ಬೇರೆ ಯಾರಿಗೋ, "ಹೊಲಿಗೆ ದಾರ ಕೊಡಮ್ಮ."

ಅವಳು ಫೋನಿಟ್ಟು, ಅದೇ ಸ್ಲೈಡನ್ನು ಮೂರನೇ ಸಲ ನೋಡತೊಡಗಿದಳು.